ಬಭ್ರುವಾಹನನಿಗೆ ಬಾಡಿಗೆ ವೇಷ: ಬಗ್ಗಿಸಿ ನೋಡಿ, ಆಮೇಲೆ ಮುಂಗಡ ಕೊಡಿ

ಯಕ್ಷಗಾನದ ಬಭ್ರುವಾಹನ ಕಾಳಗ ಪ್ರಸಂಗ ಆಡಿಸಲು ಹೊರಟ ಶಾಲೆ, ಕಾಲೇಜು, ಯುವಕ ಮಂಡಲದವರು ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ವೇಷಭೂಷಣದ ಅಂಗಡಿಗೆ ಹೋದರೆ ಮೊದಲು ಕೇಳುವುದು "ಸೆಟ್ ಹೊಸದಾ?" ಎಂದು. ಬೇಗಡೆಯ (ಮಿನುಗು ಹಾಳೆ) ಹೊಳಪು ನೋಡಿ ಮುಂಗಡ ಕೊಟ್ಟು ಬರುತ್ತಾರೆ. ಈ ಪ್ರಸಂಗಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ. ವೇಷ ಪೂರ್ತಿ ಕಟ್ಟಿಕೊಂಡ ಹುಡುಗ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿ, ಯಾರ ಕೈಯನ್ನೂ ಹಿಡಿಯದೆ ಏಳಬಲ್ಲನೇ? ಬಾಡಿಗೆಗೆ ಸಿಗುವ ಹೆಚ್ಚಿನ ವೇಷದ ಪೆಟ್ಟಿಗೆಗಳು ಸೋಲುವುದು ಅಲ್ಲೇ.

ಕಥೆ ನಮ್ಮ ಕರಾವಳಿಯಲ್ಲಿ ಮಕ್ಕಳಿಗೂ ಗೊತ್ತು. ಆದರೂ ವೇಷದ ಲೆಕ್ಕ ಹಾಕಲು ಒಮ್ಮೆ ಬಿಡಿಸಿ ನೋಡಬೇಕು. ಕುರುಕ್ಷೇತ್ರದಲ್ಲಿ ಬಂಧುಗಳನ್ನು ಕೊಂದ ಪಾಪ ಕಳೆಯಲೆಂದು ಧರ್ಮರಾಯ ಅಶ್ವಮೇಧಕ್ಕೆ ತೊಡಗುತ್ತಾನೆ. ಒಂದು ಯುದ್ಧದ ಪಾಪ ತೊಳೆಯಲು ಹೊರಟ ಕುದುರೆಯ ಹಿಂದೆ ಇನ್ನೊಂದು ಸೈನ್ಯ. ಹೋದ ಹೋದ ರಾಜ್ಯಕ್ಕೆ ಎರಡೇ ದಾರಿ: ಕಪ್ಪ ಕೊಡಬೇಕು, ಇಲ್ಲವೇ ಕಾದಬೇಕು. ಮಣಿಪುರದಲ್ಲಿ ಕುದುರೆ ಕಟ್ಟಿದ ಹುಡುಗ ಬಭ್ರುವಾಹನನಿಗೆ ಅದು ಅಪ್ಪ ಅರ್ಜುನನ ಕಾವಲಿನ ಕುದುರೆ ಎಂದು ತಿಳಿಯುತ್ತದೆ. ತಾಯಿ ಚಿತ್ರಾಂಗದೆಯ ಮಾತಿನಂತೆ ಕಾಣಿಕೆ ಹೊತ್ತು ಹೋಗಿ ಅರ್ಜುನನ ಕಾಲಿಗೆ ಬೀಳುತ್ತಾನೆ. ಇದು ಮೊದಲ ನಮಸ್ಕಾರ. ಜೈಮಿನಿ ಭಾರತದ ದಾರಿಯ ಕಥೆಯಲ್ಲಿ ಅರ್ಜುನ ಅವನನ್ನು ಒದೆಯುತ್ತಾನೆ, ಹೇಡಿ ಎನ್ನುತ್ತಾನೆ, ತಾಯಿಯ ಶೀಲಕ್ಕೇ ಮಾತು ಹಚ್ಚುತ್ತಾನೆ. ಶರಣಾಗಲು ಬಂದವನನ್ನು ಯುದ್ಧಕ್ಕೆ ನೂಕಿದ್ದು ಆ ಒದೆತ. ಮಗ ಗೆಲ್ಲುತ್ತಾನೆ, ಅಪ್ಪನ ತಲೆ ಉರುಳುತ್ತದೆ. ಗೆದ್ದು ಮನೆಗೆ ಬಂದ ಮೇಲೆ ತಾನು ಮಾಡಿದ್ದು ಏನೆಂದು ಅರ್ಥವಾಗುತ್ತದೆ. ಅಲ್ಲಿಂದ ಮುಂದಿನ ಆಟ ಪೂರ್ತಿ ಆದದ್ದನ್ನು ಸರಿಪಡಿಸುವ ಓಟ: ಅರ್ಜುನನ ಇನ್ನೊಬ್ಬ ಹೆಂಡತಿ, ನಾಗಕನ್ಯೆ ಉಲೂಪಿಯ ಮಾತು, ಪಾತಾಳ, ನಾಗರೊಡನೆ ಹೋರಾಟ, ಸತ್ತವರನ್ನು ಎಬ್ಬಿಸುವ ಸಂಜೀವಕ ಮಣಿ. ಕೊನೆಗೆ ಎದ್ದು ಕೂತ ಅಪ್ಪನ ಕಾಲಿಗೆ ಎರಡನೆಯ ನಮಸ್ಕಾರ.

ಹಾಗಾಗಿ ಈ ವೇಷಕ್ಕೆ ಎರಡು ಬಾಗುವಿಕೆಯ ನಡುವೆ ಒಂದು ಯುದ್ಧ ಇದೆ. ಅಂಗಡಿಯವರು ಪೆಟ್ಟಿಗೆ ಕಟ್ಟುವುದು ನಡುವಿನ ಯುದ್ಧಕ್ಕೆ ಮಾತ್ರ. ಎದೆ ಉಬ್ಬಿಸಿ ನಿಂತರೆ ಚಂದ ಕಾಣುವಂತೆ, ಫೋಟೊಗೆ ಸರಿಯಾಗುವಂತೆ.

ಮೊದಲು ತಿಟ್ಟಿನ, ಅಂದರೆ ಯಕ್ಷಗಾನದ ಶೈಲಿಯ ಮಾತು. ಉಡುಪಿಯಿಂದ ಉತ್ತರಕ್ಕೆ ಬ್ರಹ್ಮಾವರ, ಕುಂದಾಪುರದ ಕಡೆ ಬಡಗು. ದಕ್ಷಿಣಕ್ಕೆ ಮಂಗಳೂರು, ಕಾಸರಗೋಡಿನ ಕಡೆ ತೆಂಕು. ಗಡಿಯಲ್ಲಿರುವ ಉಡುಪಿಯ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ ಎಂಬುದು ಅನುಕೂಲ, ಅಪಾಯ ಕೂಡ ಅದೇ. ಸೀಸನ್ನಿನ ಒತ್ತಡದಲ್ಲಿ ಬಡಗಿನ ಮುಂದಲೆಯ (ತಲೆಯ ಕಟ್ಟು) ಜತೆಗೆ ತೆಂಕಿನ ಸಾಮಾನು ಬಂದು ಬೀಳುತ್ತದೆ. ಎಳೆಯ ವೀರನ ವೇಷಕ್ಕೆ ಪುಂಡುವೇಷ ಎನ್ನುತ್ತಾರೆ; ಬುಕ್ ಮಾಡುವಾಗ "ಪುಂಡುವೇಷ ಒಂದು" ಎಂದರೆ ಸಾಲದು. ಬಡಗಿನದ್ದಾದರೆ ಕೇದಗೆ ಮುಂದಲೆ, ಕಸೆ ಸೀರೆ, ದಗಲೆ (ಅಂಗಿ), ಎದೆಪದಕ, ಭುಜಕೀರ್ತಿ, ತೋಳುಕಟ್ಟು, ಕೈಕಟ್ಟು, ವೀರಗಾಸೆ (ಸೊಂಟದ ಕಟ್ಟು), ಕಾಲುಚೀಲ, ಗೆಜ್ಜೆ ಎಂದು ಹೆಸರು ಹಿಡಿದು ಬರೆಸಿ. ತೆಂಕಿನದ್ದಾದರೆ ಇಜಾರು, ಬಾಲಮುಂಡು, ಸೋಗೆವಲ್ಲಿ, ಕಾಲುಮುಳ್ಳು ಸೇರುತ್ತವೆ, ತಲೆಗೆ ಬೇರೆಯದೇ ಕಟ್ಟು. ಹಾಡುವ ಭಾಗವತರು ಯಾವ ತಿಟ್ಟಿನವರೋ ವೇಷ ಆ ತಿಟ್ಟಿನದ್ದೇ ಆಗಬೇಕು. ತೆಂಕಿನ ಚೆಂಡೆಯ ಪೆಟ್ಟಿಗೆ ಹುಡುಗ ದಿಗಿಣ ಹಾಕುವಾಗ (ಹಾರಿ ಸುತ್ತುವಾಗ) ಮೈಮೇಲೆ ಬಡಗಿನ ಕಟ್ಟು ಇದ್ದರೆ ಕಣ್ಣಿಗೂ ಸೇರುವುದಿಲ್ಲ, ಕಾಲಿಗೂ ಸೇರುವುದಿಲ್ಲ. ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಬಡಗಿನ ಪೆಟ್ಟಿಗೆಯ ಬಗ್ಗೆ. ಬಾಗುವ ಪರೀಕ್ಷೆ ಮಾತ್ರ ಎರಡಕ್ಕೂ ಒಂದೇ.

ತಲೆಯಿಂದ ಶುರು ಮಾಡೋಣ, ಹೆಚ್ಚು ತೊಂದರೆ ಇರುವುದೇ ಅಲ್ಲಿ. ಮೇಳದ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಮುಂದಲೆಯನ್ನು ಅಟ್ಟೆ ಇಟ್ಟು, ಬಟ್ಟೆ ಸುತ್ತಿ, ಜರಿಪಟ್ಟಿ ಬಿಗಿದು ತಲೆಯ ಮೇಲೆಯೇ ಕಟ್ಟಿ ನಿಲ್ಲಿಸುತ್ತಾರೆ. ಅದು ಆ ತಲೆಗೇ ಹುಟ್ಟಿದ ಹಾಗಿರುತ್ತದೆ. ಬಾಡಿಗೆಯ ಪೆಟ್ಟಿಗೆಯಲ್ಲಿ ಬರುವುದು ಸಾಮಾನ್ಯವಾಗಿ ಮೊದಲೇ ಕಟ್ಟಿಟ್ಟದ್ದು, ಟೊಪ್ಪಿಯಂತೆ ಇಟ್ಟು ಹಿಂದೆ ಹುರಿ ಬಿಗಿಯುವಂಥದ್ದು. ಸಮಯ ಉಳಿಯುತ್ತದೆ, ನಿಂತಾಗ ಚಂದವೂ ಕಾಣುತ್ತದೆ. ಹುಡುಗ ಬಗ್ಗಿದ ಕೂಡಲೇ ಭಾರ ಮುಂದಕ್ಕೆ ಬಂದು ಹುಬ್ಬಿನ ಮೇಲೆ ಜಾರುತ್ತದೆ. ಕಾರಣ ಎರಡು. ಒಳಗಿನ ಸುತ್ತಳತೆ ದೊಡ್ಡವರ ತಲೆಯದ್ದು. ಮಕ್ಕಳ ತಲೆಗೆ ಒಳಗೆ ಬಟ್ಟೆ ತುಂಬಿಸಿ ಹೊಂದಿಸುತ್ತಾರೆ, ಬೆವರಿಗೆ ಆ ಬಟ್ಟೆ ಕುಸಿಯುತ್ತದೆ. ಎರಡನೆಯದು ಹಣೆಯ ಬಣ್ಣ. ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣವನ್ನು ಕೂದಲಂಚಿನವರೆಗೂ ಹಚ್ಚಿ ಅದರ ಮೇಲೆ ಪಟ್ಟಿ ಕಟ್ಟಿದರೆ ಆ ಪಟ್ಟಿ ಹಿಡಿಯುವುದಾದರೂ ಎಲ್ಲಿ?

ಇದಕ್ಕೆ ಪರಿಹಾರ ಅಂಗಡಿಯಲ್ಲಿಲ್ಲ, ನಾವೇ ಒಯ್ಯಬೇಕು. ಮೂರು ಬೆರಳು ಅಗಲದ, ಎರಡು ಮೀಟರ್ ಉದ್ದದ ಹಳೆಯ ಹತ್ತಿ ಬಟ್ಟೆಯ ಪಟ್ಟಿ. ಸ್ವಲ್ಪ ಒದ್ದೆ ಮಾಡಿ ಹಿಂಡಿ, ಬಣ್ಣ ಹಚ್ಚುವ ಮೊದಲೇ ತಲೆಗೆ ಎರಡು ಸುತ್ತು ಸುತ್ತಿ, ಗಂಟು ಹಿಂದಲೆಯ ಉಬ್ಬಿನ ಕೆಳಗೆ ಬರುವಂತೆ ಕಟ್ಟಬೇಕು. ಉಬ್ಬಿನ ಮೇಲೆ ಕಟ್ಟಿದರೆ ಮೇಲಕ್ಕೆ ಜಾರುತ್ತದೆ, ಕಿವಿಯ ಮೇಲೆ ಹಾಯಿಸಿದರೆ ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ. ಬಣ್ಣವನ್ನು ಪಟ್ಟಿಯ ಅಂಚಿನವರೆಗೆ ಮಾತ್ರ ತರಬೇಕು. ಮುಂದಲೆ ಕೂರುವುದು ಬಣ್ಣ ತಾಗದ ಬಟ್ಟೆಯ ಮೇಲೆ, ಹುರಿ ಹಿಡಿಯುವುದೂ ಬಟ್ಟೆಯನ್ನೇ. ಇಷ್ಟು ಮಾಡಿದ ಮೇಲೆ ಹುಡುಗನಿಗೆ ಸಾಷ್ಟಾಂಗ ಹಾಕಿಸಿ, ತಲೆ ಎಡಕ್ಕೂ ಬಲಕ್ಕೂ ತಿರುಗಿಸಲು ಹೇಳಿ. ಮುಂದಲೆ ತಲೆಯ ಜತೆಗೇ ತಿರುಗಿದರೆ ಸರಿ. ತಲೆ ತಿರುಗಿ ಮುಂದಲೆ ಅಲ್ಲೇ ಉಳಿದರೆ ಬೇರೆ ಅಳತೆಯದ್ದು ಕೇಳಿ.

ಬಿಗಿ ಹೆಚ್ಚಾದರೆ ಹುಡುಗರು ಹೇಳುವುದಿಲ್ಲ. "ಅಣ್ಣ, ಒಂಚೂರು ಸಡಿಲ ಮಾಡಿ, ತಲೆ ಸಿಡೀತದೆ" ಎಂದು ಚೌಕಿಯಲ್ಲಿ ಬಾಯಿಬಿಟ್ಟು ಹೇಳುವ ಹುಡುಗ ಅಪರೂಪ. ವೇಷಕ್ಕೆ ನೋವು ಇರುವುದೇ ಹಾಗೆ ಅಂದುಕೊಂಡಿರುತ್ತಾರೆ. ವೇಷ ಕಟ್ಟುವವರು ತಾವಾಗಿ ಕೇಳುವುದು ಒಳ್ಳೆಯ ಸೇವೆಯ ಗುರುತು. ಕಟ್ಟಿದ ಹತ್ತು ನಿಮಿಷದ ಮೇಲೆ ಮತ್ತೆ ಬಂದು "ಎಂತ ಮಗಾ, ಕಿವಿ ಉರೀತದಾ?" ಎಂದು ಕೇಳುವವರು ಈ ಊರಲ್ಲಿ ಇದ್ದಾರೆ. ಅಂಥವರನ್ನು ಕಳಿಸುವ ಅಂಗಡಿಯ ಪೆಟ್ಟಿಗೆ ಸ್ವಲ್ಪ ಹಳತಾದರೂ ತೊಂದರೆಯಿಲ್ಲ.

ಎದೆಪದಕ, ಭುಜಕೀರ್ತಿಗಳು ಹಗುರ ಮರದವು, ಮೇಲೆ ಬೇಗಡೆ, ನಡುವೆ ಕನ್ನಡಿ ಚೂರು. ನಿಂತಾಗ ಇವು ಎದೆಗೆ ಅಗಲ ಕೊಡುತ್ತವೆ. ಪುಂಡುವೇಷದ ಚಂದ ಅರ್ಧ ಅಲ್ಲೇ ಇದೆ. ಬೋರಲು ಬಿದ್ದಾಗ ಪದಕದ ಕೆಳ ಅಂಚು ಪಕ್ಕೆಲುಬಿಗೆ ಒತ್ತುತ್ತದೆ, ಭುಜಕೀರ್ತಿಯ ತುದಿ ಕೆನ್ನೆಗೆ ತಾಗುತ್ತದೆ. ಪದಕದ ಹಿಂಬದಿಗೆ ನಾಲ್ಕು ಮಡಿಕೆಯ ಬಟ್ಟೆಯ ದಿಂಬನ್ನು ಸೂಜಿದಾರದಲ್ಲಿ ಹೊಲಿದರೆ ಮೊದಲನೆಯದು ಸರಿಹೋಗುತ್ತದೆ. ಅಂಟು ಹಚ್ಚಬೇಡಿ, ತೆಗೆಯುವಾಗ ಬೇಗಡೆ ಎದ್ದುಬಂದು ನಷ್ಟ ತುಂಬಬೇಕಾಗುತ್ತದೆ. ಭುಜಕೀರ್ತಿಯ ಹುರಿಯನ್ನು ಎರಡು ಬೆರಳು ಕೆಳಗೆ, ತೋಳಿನ ಹೊರಬದಿಗೆ ಕಟ್ಟಿದರೆ ಎರಡನೆಯದಕ್ಕೂ ಪರಿಹಾರ. ಪೆಟ್ಟಿಗೆ ಕೈಗೆ ಬಂದ ಕೂಡಲೇ ಎಲ್ಲ ಕನ್ನಡಿ ಚೂರುಗಳ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ. ಅಲುಗುವ ಚೂರಿದ್ದರೆ ಅಂಗಡಿಯಲ್ಲೇ ತೋರಿಸಿ ಬರೆಸಿಕೊಳ್ಳಿ. ಮಂಡಿ ಕುಣಿತದ ನಡುವೆ ಅದು ಎದ್ದು ಬಿದ್ದರೆ ಮುಂದಿನ ಸುತ್ತು ಹಾಕುವ ಮಂಡಿ ಅದರ ಮೇಲೇ.

ಮಂಡಿಯ ಮಾತು ಬಂತು. ಬಡಗಿನ ಎಳೆಯ ವೀರರ ಕುಣಿತದಲ್ಲಿ ಮಂಡಿಯೂರಿ ತಿರುಗುವುದು ಇದ್ದೇ ಇದೆ, ಜನ ಕಾಯುವುದೂ ಅದಕ್ಕೆ. ಮಣ್ಣಿನ ರಂಗಸ್ಥಳದಲ್ಲಿ ಕಲಿತದ್ದನ್ನು ಸಭಾಂಗಣದ ಗ್ರಾನೈಟ್ ನೆಲದಲ್ಲಿ ಮಾಡಿದರೆ ಮಂಡಿ ಚಿಪ್ಪಿಗೆ ಪೆಟ್ಟು. ಬಾಡಿಗೆ ಪೆಟ್ಟಿಗೆಯಲ್ಲಿ ಮಂಡಿಗೆ ಏನೂ ಇರುವುದಿಲ್ಲ. ವಾಲಿಬಾಲ್ ಆಡುವವರ ತೆಳು ನೀಪ್ಯಾಡ್ ಒಂದು ಜೊತೆ ಕೊಂಡು ಕಸೆಯ ಒಳಗೆ ಹಾಕಿಸಿ. ದಪ್ಪದ್ದಾದರೆ ಕಸೆಯ ನೆರಿಗೆ ಅಲ್ಲಿ ಉಬ್ಬುತ್ತದೆ, ಕಾಲು ಮಡಚಲೂ ಬರುವುದಿಲ್ಲ. ಕಸೆ ಸೀರೆ ದೊಡ್ಡವರ ಅಳತೆಯದ್ದಾಗಿರುವುದರಿಂದ ಎಳೆಯ ಹುಡುಗನಿಗೆ ಸೊಂಟದಲ್ಲಿ ಮಡಿಕೆ ಹೆಚ್ಚಾಗುತ್ತದೆ. ಆ ಗಂಟು ಮುಂದೆ ಹೊಟ್ಟೆಯ ಮೇಲೆ ಬಂದರೆ ಬಾಗಿದಾಗ ಉಸಿರು ಕಟ್ಟುತ್ತದೆ, ಮಾತು ನಡುವೆ ತುಂಡಾಗುತ್ತದೆ. ಮಡಿಕೆಯನ್ನು ಎರಡು ಪಕ್ಕಕ್ಕೆ ಹಂಚಿ ಕಟ್ಟಲು ಹೇಳಿ. ವೀರಗಾಸೆ ಆ ಉಬ್ಬನ್ನು ಮುಚ್ಚುತ್ತದೆ.

ತೂಕದ ಲೆಕ್ಕವನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಶಾಲಾ ಬ್ಯಾಗಿನ ತೂಕ ಮಗುವಿನ ತೂಕದ 10ನೇ ಒಂದು ಭಾಗ ಮೀರಬಾರದು ಎಂದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ಬ್ಯಾಗನ್ನು ಹೊತ್ತು ಮಗು ನಡೆಯುತ್ತದೆ ಅಷ್ಟೆ. ವೇಷ ಹೊತ್ತು ಕುಣಿಯುತ್ತದೆ, ಮಾತಾಡುತ್ತದೆ, ಅಳುತ್ತದೆ. 40 ಕಿಲೋ ತೂಕದ ಹುಡುಗನಿಗೆ ಆ ಲೆಕ್ಕದಲ್ಲಿ 4 ಕಿಲೋ. ಅದಕ್ಕೇ ಅಂಟಿಕೊಳ್ಳಲು ಎಲ್ಲ ಸಲ ಆಗದಿರಬಹುದು, ಆದರೆ ತಕ್ಕಡಿಗೆ ಹಾಕಿ ನೋಡಿದರೆ ಎರಡು ಸೆಟ್ಟುಗಳ ನಡುವೆ ಆಯ್ಕೆ ಮಾಡಲು ಒಂದು ಆಧಾರ ಸಿಗುತ್ತದೆ. ಹೊಳಪು ಕಡಿಮೆಯದ್ದು ಹಗುರವಾಗಿದ್ದರೆ ಅದನ್ನೇ ತನ್ನಿ.

ಗೆಜ್ಜೆಯ ಬಗ್ಗೆ ಒಂದು ಅಭಿಪ್ರಾಯ, ಒಪ್ಪುವುದು ಬಿಡುವುದು ನಿಮಗೆ. ಯುದ್ಧದಲ್ಲಿ ಗೆಜ್ಜೆ ಬೇಕೇ ಬೇಕು. ಅರ್ಜುನ ಬಿದ್ದ ಮೇಲೆ, ಚಿತ್ರಾಂಗದೆ ಬಂದು ಮಗನನ್ನು ಕೇಳುವ ಹೊತ್ತಿಗೆ, ಹುಡುಗ ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೊರಳಿಸಿದರೂ ಗೆಜ್ಜೆ ಝಲ್ ಎನ್ನುತ್ತದೆ. ಭಾಗವತರು ನಿಧಾನದಲ್ಲಿ ಎತ್ತಿದ ಪದವನ್ನು ಆ ಸದ್ದು ಕೆಡಿಸುತ್ತದೆ. ತಾಯಿಯ ಪ್ರವೇಶಕ್ಕೆ ಮುಂಚೆ ಬಭ್ರುವಾಹನ ಒಳಗೆ ಬರುವ ಎರಡು ನಿಮಿಷದಲ್ಲಿ ಗೆಜ್ಜೆಯ ಮೇಲೆ ಒಂದು ಕಪ್ಪು ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿದರೆ ಸಾಕು. ಗೆದ್ದವನ ಕಾಲಿನ ಸದ್ದು ಅಡಗಿದ್ದು ಜನರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ನಾಗರೊಡನೆ ಹೋರಾಟಕ್ಕೆ ಪಟ್ಟಿ ಬಿಚ್ಚಿ. ಇದನ್ನು ಮಾಡಲು ಚೌಕಿಯಲ್ಲಿ ಒಬ್ಬರು ಬೇರೆ ಕೆಲಸವಿಲ್ಲದೆ ಕೂತಿರಬೇಕು. ಸಂಘಟಕರು ಪ್ರತಿ ಸಲ ಮರೆಯುವುದು ಆ ಒಬ್ಬರನ್ನೇ.

ಇನ್ನು ವೃಷಕೇತು. ಬಾಡಿಗೆ ಸೇವೆಯ ಮೇಲೆ ನಮ್ಮ ದೊಡ್ಡ ತಕರಾರು ಇವನ ವಿಷಯದಲ್ಲಿ. ಬಭ್ರುವಾಹನನಿಗೆ ಒಳ್ಳೆಯ ಸೆಟ್ ಕೊಟ್ಟು ವೃಷಕೇತುವಿಗೆ ಬೇಗಡೆ ಕಪ್ಪಾದ ಹಳೆಯದನ್ನು ಹೊಂದಿಸಿ ಕಳಿಸುತ್ತಾರೆ, "ಚಿಕ್ಕ ಪಾತ್ರ ಅಲ್ಲವಾ" ಎನ್ನುತ್ತಾರೆ. ಇವನು ಕರ್ಣನ ಮಗ. ತನ್ನ ಅಪ್ಪನನ್ನು ಕೊಂದವನ ಕುದುರೆಯ ಬೆಂಗಾವಲಿಗೆ ಬಂದು, ಅವನಿಗಾಗಿಯೇ ಹೋರಾಡಿ ಸಾಯುತ್ತಾನೆ. ಎದುರಿಗೆ ನಿಂತವನು ಅಪ್ಪನಿಗೆ ನಿಷ್ಠನಾಗಿರಲು ಬಂದು ಅಪ್ಪನನ್ನೇ ಕೊಲ್ಲಲಿದ್ದಾನೆ. ಎಳೆಯ ಇಬ್ಬರು ಸೈನಿಕರು, ನಿಷ್ಠೆಯ ಎರಡು ಕಗ್ಗಂಟು. ಇವರಿಬ್ಬರ ಯುದ್ಧದಲ್ಲಿ ಒಬ್ಬ ಮಂಕಾಗಿ ಕಂಡರೆ ಜನ ಅವನನ್ನು ಸಾಯಲು ಬಂದವನೆಂದೇ ಮೊದಲೇ ನಿರ್ಧರಿಸಿಬಿಡುತ್ತಾರೆ. ಬುಕ್ ಮಾಡುವಾಗ "ಜೋಡಿ ಪುಂಡುವೇಷ, ಒಂದೇ ದರ್ಜೆಯದ್ದು, ದಗಲೆಯ ಬಣ್ಣ ಮಾತ್ರ ಬೇರೆ" ಎಂದು ಬರೆಸಿ. ಲವ-ಕುಶರಿಗೆ ಜೋಡಿ ಸೆಟ್ ಇಟ್ಟುಕೊಳ್ಳುವ ಅಂಗಡಿಗಳಿಗೆ ಇದು ಕಷ್ಟವೇನಲ್ಲ.

ಬಣ್ಣಕ್ಕೆ ಬರೋಣ. ಹಿಂದೆ ಚೌಕಿಯ ಬಣ್ಣ ಎಂದರೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇತು, ಕಪ್ಪಿಗೆ ಕಾಡಿಗೆ. ಅರದಾಳದಲ್ಲಿ ಇರುವುದು ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ಎರಡೂ ವಿಷ. ಬಣ್ಣ ಹಚ್ಚುವವರು "ಹಳೆಯ ಕ್ರಮದ್ದು, ಹೊಳಪು ಬೇರೆಯೇ" ಎಂದರೂ ಮಕ್ಕಳ ಮುಖಕ್ಕೆ ಬೇಡವೆಂದು ಖಡಾಖಂಡಿತವಾಗಿ ಹೇಳಿ. ಬಿಳಿಗೆ ಜಿಂಕ್ ಆಕ್ಸೈಡ್, ಹಳದಿ ಕೆಂಪಿಗೆ ಮುಖಕ್ಕೆಂದೇ ತಯಾರಿಸಿದ ಬಣ್ಣ ಸಾಕು. ಹಿಂದಿನ ದಿನ ಮೊಣಕೈ ಒಳಮಡಿಕೆಗೆ ಒಂದು ಚುಕ್ಕೆ ಹಚ್ಚಿ 24 ಗಂಟೆ ಬಿಟ್ಟು ನೋಡಿ. ಕೆಂಪಗಾಗಿ ತುರಿಸಿದರೆ ಆ ಬಣ್ಣ ಆ ಹುಡುಗನಿಗೆ ಆಗದು. ಕಣ್ಣಿನ ಕೆಳಗೆ ಕಾಡಿಗೆ ದಪ್ಪ ಹಚ್ಚಿದರೆ ಯುದ್ಧದ ಬೆವರಿಗೆ ಇಳಿದು ಕಣ್ಣು ಉರಿಯುತ್ತದೆ. ಶೋಕದ ದೃಶ್ಯದಲ್ಲಿ ಹುಡುಗ ಕಣ್ಣು ಹೊಸಕಿದರೆ ಮುಖವೆಲ್ಲ ಮಸಿ. ಕಾಡಿಗೆಯ ಮೇಲೆ ಒಣ ಪೌಡರ್ ಒತ್ತಿಸಿ. ತೆಗೆಯುವಾಗ ಮೊದಲು ಸೋಪು ಹಾಕಬೇಡಿ: ಎರಡು ದೊಡ್ಡ ಚಮಚ ತೆಂಗಿನೆಣ್ಣೆ, ಹಳೆಯ ಹತ್ತಿ ಬಟ್ಟೆ, ಆಮೇಲೆ ಕಡಲೆಹಿಟ್ಟು.

ಮೀಸೆ ಬೇಡ. ಅಂಟಿಸಿದ ಮೀಸೆಯಲ್ಲಿ ಹುಡುಗ ದೊಡ್ಡವನಂತೆ ಕಾಣುತ್ತಾನೆ. ಇವನು ಎಳೆಯನೆಂಬುದು ಕೊನೆಯವರೆಗೂ ಕಣ್ಣಿಗೆ ಕಾಣುತ್ತಿರಬೇಕು.

ಪೆಟ್ಟಿಗೆಯ ತೀರಾ ಕಳಪೆ ಭಾಗ ಯಾವುದೆಂದರೆ ಎರಡನೆಯ ಅರ್ಧಕ್ಕೆ ಬೇಕಾದ ಎರಡು ಸಾಮಾನು: ರುಂಡ ಮತ್ತು ಮಣಿ. ಬಿಲ್ಲು, ಬಾಣ, ಖಡ್ಗಗಳಿಗೆ ತಕ್ಕಮಟ್ಟಿಗೆ ಗಮನ ಕೊಟ್ಟಿರುತ್ತಾರೆ. ಬಾಣದ ತುದಿಗೆ ಬಟ್ಟೆಯ ಉಂಡೆ ಇದೆಯೇ, ಖಡ್ಗದ ಅಂಚು ಉಜ್ಜಿದ್ದಾರೆಯೇ ನೋಡಿದರೆ ಸಾಕು. ರುಂಡ ಎಂದು ಕೊಡುವುದು ಥರ್ಮೋಕೋಲಿನಲ್ಲಿ ಕೆತ್ತಿ ಮೀಸೆ ಬರೆದ ತಲೆ. ಅದನ್ನು ಕಂಡ ಕೂಡಲೇ ಮುಂದಿನ ಸಾಲಿನ ಮಕ್ಕಳು ನಗುತ್ತಾರೆ, ತಾಯಿಯ ಶೋಕ ಅಲ್ಲಿಗೆ ಮುಗಿಯಿತು. ಆದರೆ ಜೈಮಿನಿಯ ಕಥೆ ಹಿಡಿದರೆ ರುಂಡ ಬಿಡುವಂತಿಲ್ಲ. ಶೇಷನು ಮಣಿ ಕೊಡಲು ಒಪ್ಪಿದರೂ ತಡೆದ ಧೃತರಾಷ್ಟ್ರನೆಂಬ ನಾಗನ ಮಕ್ಕಳು ಅರ್ಜುನನ ತಲೆಯನ್ನೇ ಕದ್ದೊಯ್ಯುತ್ತಾರೆ, ಕೃಷ್ಣ ಬಂದು ಅದನ್ನು ಮರಳಿ ತರಿಸಬೇಕಾಗುತ್ತದೆ. ನಮ್ಮ ಸಲಹೆ: ಥರ್ಮೋಕೋಲಿನ ತಲೆ ಪೆಟ್ಟಿಗೆಯಲ್ಲೇ ಇರಲಿ. ಅರ್ಜುನನ ಕಿರೀಟವನ್ನು ಒಂದೂವರೆ ಮೀಟರ್ ಕೆಂಪು ಹತ್ತಿ ಬಟ್ಟೆಯ ಮೇಲಿಟ್ಟು, ಬಟ್ಟೆಯ ನಾಲ್ಕು ತುದಿ ಮೇಲೆತ್ತಿ ಹಿಡಿಯಿರಿ. ಸ್ವಲ್ಪ ಹೊತ್ತಿನ ಮುಂಚೆ ಜನ ಅದೇ ಕಿರೀಟವನ್ನು ತಲೆಯ ಮೇಲೆ ಕಂಡಿದ್ದಾರೆ. ಇದಕ್ಕೆ ಅರ್ಜುನನ ಕಿರೀಟ ಸುಲಭವಾಗಿ ಬಿಚ್ಚಿ ಕಟ್ಟುವಂಥದ್ದಾಗಿರಬೇಕು. ಎರಡನೆಯ ಕಿರೀಟ ಬಾಡಿಗೆಗೆ ತರುವುದಾದರೆ ಒಂದೇ ಬಗೆಯದ್ದು ಆಗಬೇಕು.

ವ್ಯಾಸರ ಕಥೆ ಹಿಡಿದು ಗಿಡ್ಡದಾಗಿ ಆಡಿಸುವವರಿಗೆ ಈ ಗೋಜಿಲ್ಲ. ಅಲ್ಲಿ ಉಲೂಪಿ ನೆನೆದ ಕೂಡಲೇ ಮಣಿ ಬರುತ್ತದೆ, ಬಭ್ರುವಾಹನ ಅದನ್ನು ಅಪ್ಪನ ಎದೆಯ ಮೇಲಿಡುತ್ತಾನೆ. ಒಂದು ಗಂಟೆಯ ಸ್ಪರ್ಧೆಗೆ ಇದೇ ಸರಿ. ಆದರೆ ಹುಡುಗ ಕಷ್ಟಪಟ್ಟು ಹೋಗಿ ತರುವುದಕ್ಕೂ ಕೈಗೆ ಸಿಕ್ಕಿದ್ದನ್ನು ಇಡುವುದಕ್ಕೂ ವ್ಯತ್ಯಾಸ ಬಹಳ. ಎರಡೂವರೆ ಗಂಟೆ ಸಮಯ ಇದ್ದರೆ ಪಾತಾಳವನ್ನು ಕತ್ತರಿಸಬೇಡಿ.

ಮಣಿ ಎಂದು ಸಿಗುವುದು ಮಿನುಗು ಕಾಗದ ಸುತ್ತಿದ ಚೆಂಡು, ಇಲ್ಲವೇ ಬಟನ್ ಸೆಲ್ಲಿನ ಅಗ್ಗದ ಆಟದ ದೀಪ. ಮೊದಲನೆಯದು ರಂಗದ ಬೆಳಕಿನಲ್ಲಿ ಬಿಸ್ಕೆಟ್ ಪೊಟ್ಟಣದಂತೆ ಕಾಣುತ್ತದೆ. ಎರಡನೆಯದು ಒಳಗೆ ಬೆಳಗಿ, ಹೊರಗೆ ಬಂದಾಗ ಮಂಕಾಗುತ್ತದೆ. ನೀಲಿ, ಬಿಳಿ ಎಲ್ಇಡಿಗೆ ಸುಮಾರು 3 ವೋಲ್ಟ್ ಬೇಕು. ಸಿಆರ್2032 ಸೆಲ್ ಕೊಡುವುದೇ 3 ವೋಲ್ಟ್. ಸ್ವಲ್ಪ ಇಳಿದರೆ ಬೆಳಕೂ ಇಳಿಯುತ್ತದೆ. ನೀವೇ ಮಾಡುವುದು ಕಷ್ಟವಿಲ್ಲ. 6ರಿಂದ 7 ಸೆಂಟಿಮೀಟರ್ ಅಡ್ಡಳತೆಯ, ಎರಡು ಹೋಳಾಗಿ ಬಿಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಗೋಲ, ಹುಡುಗನ ಅಂಗೈಯಲ್ಲಿ ಹಿಡಿಯುವಷ್ಟು. ಒಳಗೆ ಒಂದು ಬಿಳಿ ಎಲ್ಇಡಿ, ಸಾಲಾಗಿ ಎರಡು ಸಿಆರ್2032, ನಡುವೆ 150 ಓಮ್‌ನ ರೆಸಿಸ್ಟರ್, ಹೆಬ್ಬೆರಳಿಗೆ ಸಿಗುವಂತೆ ಜಾರು ಸ್ವಿಚ್. ರೆಸಿಸ್ಟರ್ ಬಿಟ್ಟರೆ 6 ವೋಲ್ಟಿಗೆ ಎಲ್ಇಡಿ ಸುಡಬಹುದು. ಗೋಲದ ಒಳಮೈಯನ್ನು ಉಪ್ಪುಕಾಗದದಲ್ಲಿ ತಿಕ್ಕಿ ಮಬ್ಬು ಮಾಡಿದರೆ ಬೆಳಕು ಒಂದೇ ಚುಕ್ಕೆಯಾಗಿ ಚುಚ್ಚದೆ ಇಡೀ ಗೋಲಕ್ಕೆ ಹರಡುತ್ತದೆ. ಎರಡು ಹೋಳನ್ನು ಟೇಪಿನಿಂದ ಭದ್ರ ಮಾಡಿ: ಈ ಸೆಲ್ಲುಗಳನ್ನು ಚಿಕ್ಕ ಮಕ್ಕಳು ನುಂಗಿದರೆ ಅನ್ನನಾಳ ಸುಟ್ಟು ಪ್ರಾಣಕ್ಕೇ ಅಪಾಯ, ಚೌಕಿಯಲ್ಲಿ ತಮ್ಮ ತಂಗಿಯರು ಓಡಾಡುತ್ತಿರುತ್ತಾರೆ. ಬೆಳಕಿನವರಿಗೆ ಮೊದಲೇ ಹೇಳಿ, ಮಣಿ ರಂಗಕ್ಕೆ ಬಂದಾಗ ಮೇಲಿನ ದೀಪ ಅರ್ಧಕ್ಕಿಳಿಯಲಿ. ಪಾತಾಳದಲ್ಲಿ ಮಣಿ ಉರಿಯುವುದು ಬೇಡ. ಅಪ್ಪನ ಎದೆಯ ಮೇಲಿಟ್ಟಾಗ ಮಾತ್ರ ಸ್ವಿಚ್ ಜಾರಿಸಲಿ.

ಆ ಗಳಿಗೆಯಲ್ಲಿ ಹುಡುಗನ ಎರಡೂ ಕೈ ಮಣಿಯ ಮೇಲಿರುತ್ತವೆ, ಮೊಣಕಾಲು ನೆಲದಲ್ಲಿ, ಬೆನ್ನು ಬಾಗಿರುತ್ತದೆ. ಮುಂದಲೆ ಜಾರಿದರೆ ಹಿಡಿಯಲು ಕೈ ಇಲ್ಲ. ಪ್ರಯೋಗವಿಡೀ ತಲೆಯ ಮೇಲೆ ನಿಂತ ಮುಂದಲೆ ಅಪ್ಪನ ಎದೆಯ ಮೇಲೆ ಬಿದ್ದರೆ ಆ ಕೆಲಸವೇ ಹಾಳು. ಅಷ್ಟು ದೀರ್ಘವಾಗಿ ತಲೆಪಟ್ಟಿಯ ಬಗ್ಗೆ ಮೇಲೆ ಹೇಳಿದ್ದು ಈ ಅರ್ಧ ನಿಮಿಷಕ್ಕಾಗಿ.

ಚಿತ್ರಾಂಗದೆ, ಉಲೂಪಿಯರ ಸ್ತ್ರೀವೇಷ ಎಲ್ಲ ಅಂಗಡಿಯಲ್ಲೂ ಚೆನ್ನಾಗಿಯೇ ಸಿಗುತ್ತದೆ, ತಕರಾರಿಲ್ಲ. ಇಬ್ಬರಿಗೂ ಒಂದೇ ಬಣ್ಣದ ಸೀರೆ ಬರದಂತೆ ನೋಡಿ ಅಷ್ಟೆ. ಹಿಂದಿನ ಸಾಲಿನವರಿಗೆ ತಾಯಿ ಯಾರು, ನಾಗಕನ್ಯೆ ಯಾರು ಎಂದು ದೂರದಿಂದಲೇ ಗೊತ್ತಾಗಬೇಕು.

ಸೇವೆಯ ಸಮಯದ ಬಗ್ಗೆ. ಎಂಟು ವೇಷಕ್ಕೆ ಬಣ್ಣಕ್ಕೊಬ್ಬರು, ಕಟ್ಟಲು ಇಬ್ಬರು ಬಂದರೆ ಆಟಕ್ಕೆ ನಾಲ್ಕು ಗಂಟೆ ಮುಂಚೆ ಚೌಕಿ ತೆರೆಯಬೇಕು. ಬಣ್ಣ ಯಾರದ್ದು ಮೊದಲಾದರೂ ಸರಿ, ಕಟ್ಟುವುದರಲ್ಲಿ ಬಭ್ರುವಾಹನನನ್ನು ಪ್ರವೇಶಕ್ಕೆ ಹೊಂದಿಸಿ ಕೊನೆಗಿಡಿ; ಒಬ್ಬನನ್ನು ಕಟ್ಟಲು ಮುಕ್ಕಾಲು ಗಂಟೆ ಹಿಡಿದರೂ ಅವನು ಬಿಗಿಯಲ್ಲಿ ಕಾಯುವ ಹೊತ್ತು ಕಡಿಮೆಯಾಗಬೇಕು. ಕಟ್ಟುವ ಮೊದಲು ಶೌಚಕ್ಕೆ ಕಳಿಸಿ. ಕಟ್ಟಿದ ಮೇಲೆ ನೀರು ಸ್ಟ್ರಾದಲ್ಲಿ, ಗುಟುಕು ಗುಟುಕಾಗಿ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ವಾರ್ಷಿಕೋತ್ಸವ, ಮಕ್ಕಳ ಯಕ್ಷಗಾನ, ಮೇಳಗಳ ತಿರುಗಾಟ ಎಲ್ಲ ಒಟ್ಟಿಗೆ ಬರುವುದರಿಂದ ಒಳ್ಳೆಯ ಕಟ್ಟುವವರು ಸಿಗುವುದಿಲ್ಲ, ಪೆಟ್ಟಿಗೆ ಮಾತ್ರ ಸಿಗುತ್ತದೆ. ಆ ತಿಂಗಳುಗಳಲ್ಲಿ ಬುಕ್ ಮಾಡುವವರು ಸೆಟ್ಟಿನ ಜತೆ ಕಟ್ಟುವವರ ಹೆಸರನ್ನೂ ಕೇಳಿ ಖಚಿತ ಮಾಡಿಕೊಳ್ಳಬೇಕು. ಮೇ ಕೊನೆಯಲ್ಲಿ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ ಜನ ಸಿಗುತ್ತಾರೆ, ಆಗಿನ ತೊಂದರೆ ಮಳೆಯದ್ದು. ಜುಲೈ ತಿಂಗಳ ಪೆಟ್ಟಿಗೆ ತೆರೆದಾಗ ಬೂಸಲು ವಾಸನೆ ಬಂದರೆ ದಗಲೆಯ ಕಂಕುಳು, ಮುಂದಲೆಯ ಒಳಮೈ, ಕಾಲುಚೀಲ ಮೂರನ್ನೂ ತಿರುವಿ ನೋಡಿ. ಕಪ್ಪು ಚುಕ್ಕೆ ಇದ್ದರೆ ತೆಗೆದುಕೊಳ್ಳಬೇಡಿ. ಉಬ್ಬಸ ಇರುವ ಹುಡುಗನಿಗೆ ಅದನ್ನು ತಲೆಗೆ ಕಟ್ಟುವುದು ಸಣ್ಣ ವಿಷಯವಲ್ಲ.

ಎಲ್ಲ ಸೇರಿಸಿ ನೋಡಿದರೆ ನಮ್ಮೂರ ಬಾಡಿಗೆ ವೇಷಗಳು ಯುದ್ಧದವರೆಗೆ ನಂಬಿಕೆಗೆ ಯೋಗ್ಯ. ಆಭರಣದ ಕೆಲಸ ಸೊಗಸಾಗಿದೆ, ಬಣ್ಣಗಾರರ ಕೈ ಪಳಗಿದೆ. ಯುದ್ಧದ ನಂತರದ ಬಭ್ರುವಾಹನನಿಗೆ ಯಾರೂ ಪೆಟ್ಟಿಗೆ ಕಟ್ಟಿಲ್ಲ. ಅಂಗಡಿಯವರು ಮನಸ್ಸು ಮಾಡಿದರೆ ತಲೆಪಟ್ಟಿ, ಪದಕದ ಹಿಂದಿನ ದಿಂಬು, ತೆಳು ನೀಪ್ಯಾಡ್, ಗೆಜ್ಜೆಯ ಕಪ್ಪು ಪಟ್ಟಿ, ಒಂದು ನಿಜವಾದ ಮಣಿ ಸೇರಿಸುವುದು ದೊಡ್ಡ ಖರ್ಚಲ್ಲ. ಬೇಗಡೆಗೆ ಹಾಕುವ ಹಣದಲ್ಲಿ ಸ್ವಲ್ಪ ಇತ್ತ ಬಂದರೆ ಸಾಕು.

ಮರಳಿಸುವಾಗ ಒದ್ದೆ ದಗಲೆಯನ್ನು ಪೆಟ್ಟಿಗೆಗೆ ತುಂಬಬೇಡಿ. ರಾತ್ರಿಯೇ ಕೊಡಬೇಕಾಗಿ ಬಂದರೆ ಬೇರೆ ಚೀಲದಲ್ಲಿ ಹಾಕಿ "ಒದ್ದೆ ಇದೆ" ಎಂದು ಬಾಯಿಬಿಟ್ಟು ಹೇಳಿ, ಮರುದಿನ ಇನ್ನೊಂದು ಶಾಲೆಯ ಹುಡುಗ ಅದನ್ನೇ ತೊಡುವವನಿದ್ದಾನೆ. ಮಣಿಯ ಸೆಲ್ಲು ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ.